ಕೃತಿಸ್ವಾಮ್ಯದ ಕಥೆ: ಲಂಡನಿನ ಅಚ್ಚುಕೂಟದಿಂದ ಕೃತಕ ಬುದ್ಧಿಮತ್ತೆಯವರೆಗೆ

ಹಣ ಕೊಟ್ಟು ಕೊಂಡ ಪುಸ್ತಕ ನಮ್ಮದು. ಅದನ್ನು ನಾವು ಓದಬಹುದು, ಗೆಳೆಯನಿಗೆ ಕೊಡಬಹುದು, ಓದಿ ಮುಗಿದ ಮೇಲೆ ಅರ್ಧ ಬೆಲೆಗೆ ಮಾರಲೂಬಹುದು. ಆದರೆ ಅದೇ ಪುಸ್ತಕವನ್ನು ಸಾವಿರ ಪ್ರತಿ ಅಚ್ಚು ಹಾಕಿಸಿ ಮಾರಲು ಹೊರಟರೆ ಕಾನೂನು ಅಡ್ಡ ಬರುತ್ತದೆ. ಕಾಗದ ನಮ್ಮದು, ಶಾಯಿ ನಮ್ಮದು, ಖರ್ಚೂ ನಮ್ಮದೇ. ಆದರೂ ನಕಲು ಮಾಡುವ ಹಕ್ಕು ನಮ್ಮದಲ್ಲ. ಈ ಹಕ್ಕಿಗೆ ಕೃತಿಸ್ವಾಮ್ಯ ಅಥವಾ ಕಾಪಿರೈಟ್ ಎಂದು ಹೆಸರು. ಅದು ಯಾರಿಗೆ ಸೇರಬೇಕು, ಎಷ್ಟು ಕಾಲ ಇರಬೇಕು, ಯಾರಿಗೆ ಅದರಿಂದ ವಿನಾಯಿತಿ ಸಿಗಬೇಕು ಎಂಬ ಬಗ್ಗೆ ಮೂರು ಶತಮಾನಗಳಿಂದ ಜಗತ್ತು ವಾದಿಸುತ್ತಲೇ ಬಂದಿದೆ.

ಇತ್ತೀಚಿನ ವರ್ಷಗಳಲ್ಲಿ ಈ ವಾದಕ್ಕೆ ಹೊಸ ಕಾವು ಬಂದಿದೆ. ಒಂದು ಸಾಲು ಟೈಪ್ ಮಾಡಿದರೆ ಕ್ಷಣಾರ್ಧದಲ್ಲಿ ಚಿತ್ರ ಬಿಡಿಸಿಕೊಡುವ ಕಂಪ್ಯೂಟರ್ ತಂತ್ರಾಂಶಗಳು ಬಂದಿವೆ. ಈ ತಂತ್ರಾಂಶಗಳು ಚಿತ್ರಕಲೆಯನ್ನು ಕಲಿತದ್ದು ಅಸಂಖ್ಯ ಕಲಾವಿದರ, ಛಾಯಾಗ್ರಾಹಕರ ಕೃತಿಗಳಿಂದ. ಆ ಕಲಾವಿದರಲ್ಲಿ ಬಹುಪಾಲು ಜನರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಇದು ಕಲಿಕೆಯೋ ಕಳವೋ? ಉತ್ತರಕ್ಕೆ ಆತುರಪಡುವ ಮೊದಲು, ಇಂಥದೇ ಪ್ರಶ್ನೆ ಹಿಂದೆ ಎದ್ದಾಗ ಏನಾಯಿತು ಎಂಬುದನ್ನು ಇತಿಹಾಸದಿಂದ ತಿಳಿದುಕೊಳ್ಳುವುದು ಒಳ್ಳೆಯದು.

ವ್ಯಾಪಾರಿಗಳ ಹಕ್ಕು ಲೇಖಕರ ಹಕ್ಕಾದದ್ದು

ಕೃತಿಸ್ವಾಮ್ಯ ಹುಟ್ಟಿದ್ದು ಲೇಖಕರ ಮೇಲಿನ ಪ್ರೀತಿಯಿಂದ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವ ಬೇರೆಯೇ. 1557ರಲ್ಲಿ ಇಂಗ್ಲೆಂಡಿನ ರಾಣಿ ಮೇರಿ ಲಂಡನಿನ ಮುದ್ರಕರ ಮತ್ತು ಪುಸ್ತಕ ವ್ಯಾಪಾರಿಗಳ ಸಂಘವಾದ ‘ಸ್ಟೇಷನರ್ಸ್ ಕಂಪನಿ’ಗೆ ಸನ್ನದು ನೀಡಿದಳು. ಸಂಘದ ಸದಸ್ಯರಲ್ಲದವರು ಬಹುಮಟ್ಟಿಗೆ ಪುಸ್ತಕ ಮುದ್ರಿಸುವಂತಿರಲಿಲ್ಲ. ಸಂಘದ ದಾಖಲೆ ಪುಸ್ತಕದಲ್ಲಿ ಯಾವ ವ್ಯಾಪಾರಿ ಯಾವ ಕೃತಿಯ ಹೆಸರನ್ನು ಬರೆಸುತ್ತಿದ್ದನೋ ಆ ಕೃತಿಯನ್ನು ಅಚ್ಚು ಹಾಕುವ ಹಕ್ಕು ಅವನದೇ ಆಗುತ್ತಿತ್ತು. ಬರೆದವನಿಗೆ ಒಂದು ಸಲ ಒಂದಿಷ್ಟು ಹಣ ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ತನಗೆ ಬೇಡವಾದ ಬರಹಗಳು ಹರಡದಂತೆ ನೋಡಿಕೊಳ್ಳಲು ಸರಕಾರಕ್ಕೂ ಈ ವ್ಯವಸ್ಥೆ ಅನುಕೂಲವಾಗಿತ್ತು.

ಈ ವ್ಯವಸ್ಥೆಗೆ ಆಧಾರವಾಗಿದ್ದ ಕಾಯ್ದೆ 1695ರಲ್ಲಿ ರದ್ದಾಯಿತು. ಏಕಸ್ವಾಮ್ಯ ಕೈತಪ್ಪಿದ ವ್ಯಾಪಾರಿಗಳು ಪಾರ್ಲಿಮೆಂಟಿನ ಬಾಗಿಲು ತಟ್ಟಿದರು. ‘ನಮ್ಮ ಲಾಭ ಹೋಯಿತು’ ಎಂದರೆ ಕೇಳುವವರಿಲ್ಲ ಎಂದು ಅವರಿಗೆ ತಿಳಿದಿತ್ತು. ಆದ್ದರಿಂದ ಲೇಖಕರಿಗೆ ಅನ್ಯಾಯವಾಗುತ್ತಿದೆ, ಅವರ ಸಂಸಾರಗಳು ಬೀದಿಪಾಲಾಗುತ್ತಿವೆ ಎಂದು ವಾದಿಸತೊಡಗಿದರು. ಇದರ ಫಲವಾಗಿ 1710ರಲ್ಲಿ ಜಾರಿಗೆ ಬಂದದ್ದೇ ‘ಸ್ಟ್ಯಾಚ್ಯೂಟ್ ಆಫ್ ಆನ್’ ಎಂದು ಪ್ರಸಿದ್ಧವಾದ ಶಾಸನ.

ಆದರೆ ಪಾರ್ಲಿಮೆಂಟು ವ್ಯಾಪಾರಿಗಳು ಕೇಳಿದ್ದನ್ನೆಲ್ಲ ಕೊಡಲಿಲ್ಲ. ವಿದ್ಯೆಯ ಪ್ರೋತ್ಸಾಹವೇ ಈ ಶಾಸನದ ಉದ್ದೇಶವೆಂದು ಅದರ ಶೀರ್ಷಿಕೆಯಲ್ಲಿಯೇ ಹೇಳಲಾಯಿತು. ಹೊಸ ಪುಸ್ತಕದ ಹಕ್ಕು ಮೊಟ್ಟಮೊದಲಿಗೆ ಲೇಖಕನಿಗೆ ಸಿಕ್ಕಿತು. ಅವಧಿ 14 ವರ್ಷ. ಅದು ಮುಗಿದಾಗ ಲೇಖಕ ಬದುಕಿದ್ದರೆ ಇನ್ನೂ 14 ವರ್ಷ. ಹಳೆಯ ಪುಸ್ತಕಗಳಿಗೆ 21 ವರ್ಷ. ನೋಂದಾಯಿಸಿದ ಪುಸ್ತಕದ ಒಂಬತ್ತು ಪ್ರತಿಗಳನ್ನು ವಿಶ್ವವಿದ್ಯಾನಿಲಯಗಳೂ ಸೇರಿದಂತೆ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಒಪ್ಪಿಸಬೇಕಿತ್ತು. ಪುಸ್ತಕದ ಬೆಲೆ ವಿಪರೀತವೆನಿಸಿದರೆ ದೂರು ಕೊಡುವ ಅವಕಾಶವೂ ಇತ್ತು. ಹೀಗೆ ಕೃತಿಸ್ವಾಮ್ಯವೆಂಬುದು ಮೊದಲಿನಿಂದಲೂ ಒಂದು ಒಪ್ಪಂದ. ಬರೆಯುವವನಿಗೆ ಕೆಲವು ವರ್ಷಗಳ ಹಕ್ಕು. ಅದರ ಬದಲಿಗೆ ಸಮಾಜಕ್ಕೆ ವಿದ್ಯೆ. ಓದುಗನ ಪಾಲನ್ನು ಮರೆತ ಕೃತಿಸ್ವಾಮ್ಯ ಅರ್ಧ ಕೃತಿಸ್ವಾಮ್ಯ ಮಾತ್ರ.

ಒಬ್ಬ ಚಿತ್ರಕಾರನ ಹೋರಾಟ

1710ರ ಶಾಸನ ಪುಸ್ತಕಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಚಿತ್ರಕಾರರು ಹೊರಗೇ ಉಳಿದರು. ಆ ಕಾಲದಲ್ಲಿ ಚಿತ್ರದ ಪ್ರತಿಗಳನ್ನು ತೆಗೆಯುತ್ತಿದ್ದುದು ತಾಮ್ರದ ತಗಡಿನಲ್ಲಿ ಗೆರೆಗಳನ್ನು ಕೊರೆದು, ಶಾಯಿ ತುಂಬಿ, ಕಾಗದದ ಮೇಲೆ ಒತ್ತಿ. ಒಂದು ಚಿತ್ರ ಜನಪ್ರಿಯವಾದರೆ ಸಾಕು, ಬೇರೊಬ್ಬ ಅದನ್ನು ನೋಡಿ ಇನ್ನೊಂದು ತಗಡು ಕೊರೆದು ಅಗ್ಗದ ಬೆಲೆಗೆ ಮಾರುತ್ತಿದ್ದ.

1697ರಲ್ಲಿ ಲಂಡನಿನಲ್ಲಿ ಹುಟ್ಟಿದ ವಿಲಿಯಂ ಹೊಗಾರ್ಥ್ ಈ ಅನ್ಯಾಯವನ್ನು ಸ್ವತಃ ಅನುಭವಿಸಿದ. ಹಳ್ಳಿಯಿಂದ ನಗರಕ್ಕೆ ಬಂದು ಹಾಳಾಗುವ ಹೆಣ್ಣೊಬ್ಬಳ ಬದುಕನ್ನು ಆರು ಚಿತ್ರಗಳಲ್ಲಿ ಹೇಳಿದ ಅವನ ಮಾಲಿಕೆ 1732ರಲ್ಲಿ ಹೊರಬಂದು ಬಹಳ ಹೆಸರು ಮಾಡಿತು. ಬೆನ್ನಲ್ಲೇ ನಕಲುಗಳೂ ಬಂದವು. ಲಾಭ ನಕಲುಗಾರರ ಪಾಲಾಯಿತು. ಹೊಗಾರ್ಥ್ ಕೈಕಟ್ಟಿ ಕೂರಲಿಲ್ಲ. ಇತರ ಕೆತ್ತನೆಗಾರರನ್ನು ಜೊತೆಗೆ ಸೇರಿಸಿಕೊಂಡು ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದ. 1735ರಲ್ಲಿ ಕೆತ್ತನೆ ಚಿತ್ರಗಳಿಗೆ 14 ವರ್ಷಗಳ ರಕ್ಷಣೆ ನೀಡುವ ಕಾಯ್ದೆ ಬಂತು. ಅದನ್ನು ಇಂದಿಗೂ ‘ಹೊಗಾರ್ಥ್ ಕಾಯ್ದೆ’ ಎಂದೇ ಕರೆಯುತ್ತಾರೆ. ತಂದೆಯ ಆಸ್ತಿಯನ್ನು ದುಂದುವೆಚ್ಚದಲ್ಲಿ ಕಳೆಯುವ ಯುವಕನ ಕಥೆಯನ್ನು ಹೇಳುವ ಎಂಟು ಚಿತ್ರಗಳ ಹೊಸ ಮಾಲಿಕೆ ಆಗ ಅವನ ಬಳಿ ಸಿದ್ಧವಾಗಿತ್ತು. ಕಾಯ್ದೆ ಜಾರಿಯಾಗುವವರೆಗೂ ಅವನು ಅದನ್ನು ಬಿಡುಗಡೆ ಮಾಡದೆ ಕಾದ.

ಇಲ್ಲಿ ನಡೆದ ಒಂದು ಘಟನೆ ಇಂದಿನ ಚರ್ಚೆಗೆ ಬಹಳ ಹತ್ತಿರದ್ದು. ಕೆಲವು ವ್ಯಾಪಾರಿಗಳು, ಚಿತ್ರ ನೋಡುವ ನೆಪದಲ್ಲಿ ಜನರನ್ನು ಹೊಗಾರ್ಥನ ಮನೆಗೆ ಕಳಿಸಿದರು. ಬಂದವರು ಚಿತ್ರವನ್ನು ಕದ್ದೊಯ್ಯಲಿಲ್ಲ. ಕಣ್ಣಿನಿಂದ ನೋಡಿದ್ದನ್ನು ನೆನಪಿನಲ್ಲಿ ಇಟ್ಟುಕೊಂಡು ಹೋದರು, ಅಷ್ಟೆ. ಆ ನೆನಪಿನ ಬಲದಿಂದಲೇ ನಕಲು ತಗಡುಗಳು ತಯಾರಾಗಿ, ಅಸಲಿಗಿಂತ ಮುಂಚೆಯೇ ನಕಲು ಚಿತ್ರಗಳು ಅಂಗಡಿಗೆ ಬಂದವು. ಹೊಗಾರ್ಥ್ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಈ ವಂಚನೆಯನ್ನು ಖಂಡಿಸಿದ. ಅದರ ಜೊತೆಗೆ, ದುಬಾರಿ ಪ್ರತಿ ಕೊಳ್ಳಲಾರದವರಿಗಾಗಿ ತನ್ನ ಅನುಮತಿಯಿಂದಲೇ ಚಿಕ್ಕ ಗಾತ್ರದ ಅಗ್ಗದ ಪ್ರತಿಗಳು ಹೊರಬರುವಂತೆ ಮಾಡಿದ. ಹೊಗಾರ್ಥ್ ನಕಲಿನ ವಿರೋಧಿಯಾಗಿರಲಿಲ್ಲ, ತನ್ನನ್ನು ಕೇಳದೆ ಮಾಡುವ ನಕಲಿನ ವಿರೋಧಿಯಾಗಿದ್ದ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆ ಕಾಯ್ದೆಯ ಇನ್ನೊಂದು ಅಂಶವೂ ಗಮನಾರ್ಹ. ರಕ್ಷಣೆ ಬೇಕಾದರೆ ಪ್ರತಿಯೊಂದು ಪ್ರತಿಯ ಮೇಲೂ ಹಕ್ಕುದಾರನ ಹೆಸರು ಮತ್ತು ಪ್ರಕಟಣೆಯ ದಿನಾಂಕ ಇರಬೇಕಿತ್ತು. ಹೀಗೆ ಅನುಮತಿ ಮತ್ತು ಹೆಸರು ಒಟ್ಟಿಗೆ ಕಾನೂನಿನೊಳಗೆ ಬಂದವು. ಬಣ್ಣದ ವರ್ಣಚಿತ್ರಗಳಿಗೆ ಮತ್ತು ಛಾಯಾಚಿತ್ರಗಳಿಗೆ ಇಂಗ್ಲೆಂಡಿನಲ್ಲಿ ಇಂಥ ರಕ್ಷಣೆ ಸಿಗಲು 1862ರವರೆಗೆ ಕಾಯಬೇಕಾಯಿತು. ಕಾನೂನು ಕಲಾವಿದನ ಬಳಿಗೆ ಬರುವುದು ಯಾವಾಗಲೂ ತಡವಾಗಿಯೇ.

ಶಾಶ್ವತ ಹಕ್ಕಿಗೆ ಬಿದ್ದ ತಡೆ

ಇತ್ತ ಪುಸ್ತಕ ವ್ಯಾಪಾರಿಗಳು ಸುಮ್ಮನಿರಲಿಲ್ಲ. ಲೇಖಕನಿಗೆ ತನ್ನ ಕೃತಿಯ ಮೇಲಿರುವ ಹಕ್ಕು ಶಾಶ್ವತ, ಅದನ್ನು ನಾವು ಲೇಖಕನಿಂದ ಕೊಂಡಿದ್ದೇವೆ, ಆದ್ದರಿಂದ ನಮ್ಮ ಹಕ್ಕೂ ಶಾಶ್ವತ ಎಂದು ವಾದಿಸಿದರು. ಎಡಿನ್‌ಬರೋ ನಗರದ ಅಲೆಕ್ಸಾಂಡರ್ ಡೊನಾಲ್ಡ್‌ಸನ್ ಎಂಬ ವ್ಯಾಪಾರಿ ಅವಧಿ ಮುಗಿದ ಪುಸ್ತಕಗಳನ್ನು ಅಗ್ಗವಾಗಿ ಅಚ್ಚು ಹಾಕಿ ಮಾರುತ್ತಿದ್ದ. 1748ರಲ್ಲಿ ತೀರಿಕೊಂಡಿದ್ದ ಕವಿ ಜೇಮ್ಸ್ ಥಾಮ್ಸನ್‌ನ ಕಾವ್ಯವೊಂದನ್ನು ಅವನು ಮುದ್ರಿಸಿದಾಗ ಲಂಡನಿನ ವ್ಯಾಪಾರಿಗಳು ಮೊಕದ್ದಮೆ ಹೂಡಿದರು. 1774ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ನೀಡಿ, ಕೃತಿಸ್ವಾಮ್ಯ ಶಾಶ್ವತವಲ್ಲ, ಶಾಸನ ಹೇಳಿದ ಅವಧಿ ಮುಗಿದ ಮೇಲೆ ಕೃತಿ ಎಲ್ಲರ ಸೊತ್ತು ಎಂದು ಸಾರಿತು.

ಈ ಪ್ರಕರಣದಿಂದ ಕಲಿಯಬೇಕಾದ ಒಂದು ಮಾತಿದೆ. ನ್ಯಾಯಾಲಯದಲ್ಲಿ ಕೇಳಿಬಂದ ಹೆಸರು ಲೇಖಕನದು. ಹಣದ ಚೀಲ ಮಾತ್ರ ವ್ಯಾಪಾರಿಯದು. ಥಾಮ್ಸನ್ ತೀರಿಕೊಂಡು ಕಾಲು ಶತಮಾನವಾಗಿತ್ತು. ಯಾರಾದರೂ ಇನ್ನೊಬ್ಬರ ಹೆಸರಿನಲ್ಲಿ ಹಕ್ಕು ಕೇಳಿದಾಗ, ಅದರ ಫಲ ಯಾರ ಜೇಬು ಸೇರುತ್ತದೆ ಎಂದು ನೋಡಬೇಕು.

ನಮ್ಮ ದೇಶದಲ್ಲಿ

ಭಾರತಕ್ಕೆ ಈ ಕಾನೂನು ಬ್ರಿಟಿಷರ ಮೂಲಕ ಬಂತು. ಕಂಪನಿ ಆಳ್ವಿಕೆಯ 1847ರಲ್ಲಿ ಒಂದು ಕಾಯ್ದೆ, 1914ರಲ್ಲಿ ಇನ್ನೊಂದು. ಸ್ವಾತಂತ್ರ್ಯಾನಂತರ ನಾವೇ ರೂಪಿಸಿಕೊಂಡ 1957ರ ಕೃತಿಸ್ವಾಮ್ಯ ಕಾಯ್ದೆ 1958ರ ಜನವರಿ 21ರಂದು ಜಾರಿಗೆ ಬಂತು. ಲೇಖಕನ ಮರಣಾನಂತರ 50 ವರ್ಷ ಎಂದಿದ್ದ ಅವಧಿಯನ್ನು 1992ರಲ್ಲಿ 60ಕ್ಕೆ ಏರಿಸಲಾಯಿತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟಾಗೋರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ ಈ ತಿದ್ದುಪಡಿ ಬಂದದ್ದು ಆಕಸ್ಮಿಕವಲ್ಲ. ನಮ್ಮ ಕಡೆಯ ಉದಾಹರಣೆಯನ್ನೇ ಹೇಳುವುದಾದರೆ, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕೃತಿಗಳನ್ನು ಇಂದು ಯಾರು ಬೇಕಾದರೂ ಮುದ್ರಿಸಬಹುದು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ ಈಗಿನ ಕಾನೂನಿನಂತೆ 2054ರ ಕೊನೆಯವರೆಗೆ ರಕ್ಷಣೆಯಿದೆ.

ನಮ್ಮ ಕಾಯ್ದೆಯ 57ನೇ ಕಲಮು ಬಹಳ ಮುಖ್ಯವಾದದ್ದು. ಹಕ್ಕನ್ನು ಮಾರಿದ ಮೇಲೂ ಕೃತಿಕಾರನಿಗೆ ಎರಡು ಹಕ್ಕುಗಳು ಉಳಿಯುತ್ತವೆ ಎಂದು ಅದು ಹೇಳುತ್ತದೆ. ಒಂದು, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು. ಎರಡು, ತನ್ನ ಗೌರವಕ್ಕೆ ಧಕ್ಕೆಯಾಗುವಂತೆ ಕೃತಿಯನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕು. ದೆಹಲಿಯ ವಿಜ್ಞಾನ ಭವನದ ಗೋಡೆಯನ್ನು ಅಲಂಕರಿಸಿದ್ದ ಶಿಲ್ಪಿ ಅಮರನಾಥ ಸೆಹಗಲ್ ಅವರ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರಿಗೆ ತಿಳಿಸದೆ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. ಶಿಲ್ಪದ ಒಡೆತನ ಸರಕಾರದ್ದಾದರೂ, 2005ರಲ್ಲಿ ದೆಹಲಿ ಹೈಕೋರ್ಟು ಶಿಲ್ಪಿಯ ಪರವಾಗಿ ತೀರ್ಪಿತ್ತಿತು. ಉಳಿದ ಭಾಗಗಳನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ವಸ್ತುವನ್ನು ಕೊಂಡವನು ಕಲಾವಿದನನ್ನು ಕೊಂಡಂತಾಗುವುದಿಲ್ಲ ಎಂಬುದೇ ಇದರ ಸಾರ.

ಕರಾವಳಿಯವರಾದ ನಮಗೆ ಇನ್ನೂ ಹತ್ತಿರದ ಪ್ರಕರಣವೊಂದಿದೆ. ಡಾ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಏಳು ಪ್ರಸಂಗಗಳನ್ನು ರಚಿಸಿದ್ದರು. 1997ರಲ್ಲಿ ಅವರು ತೀರಿಕೊಂಡ ಮೇಲೆ ಅವುಗಳ ಹಕ್ಕು ಉಯಿಲಿನಂತೆ ಅವರು ಗೊತ್ತುಪಡಿಸಿದವರಿಗೆ ಸೇರಿತು. 2001ರಲ್ಲಿ ಮಣಿಪಾಲದ ಒಂದು ಶಿಕ್ಷಣ ಸಂಸ್ಥೆಯ ವತಿಯಿಂದ ಆ ಪ್ರಸಂಗಗಳಲ್ಲೊಂದು ದೆಹಲಿಯಲ್ಲಿ ಪ್ರದರ್ಶನಗೊಂಡಾಗ ವ್ಯಾಜ್ಯ ಹುಟ್ಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರ ತೀರ್ಪು ಹಕ್ಕುದಾರರ ಹಕ್ಕನ್ನು ಎತ್ತಿಹಿಡಿಯಿತು. ಅದರೊಂದಿಗೆ, ಶಿಕ್ಷಣ ಸಂಸ್ಥೆಗಳ ಒಳಗೆ ಕಲಿಕೆಯ ಅಂಗವಾಗಿ ನಡೆಯುವ ಪ್ರದರ್ಶನಗಳಿಗೆ ಕಾನೂನು ಕೊಟ್ಟಿರುವ ವಿನಾಯಿತಿ ಹಾಗೆಯೇ ಉಳಿಯುತ್ತದೆ ಎಂದೂ ಸ್ಪಷ್ಟಪಡಿಸಿತು. ಕಲಾವಿದನ ಹಕ್ಕು ಮತ್ತು ವಿದ್ಯಾರ್ಥಿಯ ಅಗತ್ಯ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ತೀರ್ಪು ಇದು.

ಜೆರಾಕ್ಸ್ ಅಂಗಡಿಯ ಮೊಕದ್ದಮೆ

ವಿದ್ಯಾರ್ಥಿಗಳ ವಿನಾಯಿತಿಯ ಪ್ರಶ್ನೆ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಇನ್ನೂ ದೊಡ್ಡದಾಗಿ ಎದ್ದಿತು. ದುಬಾರಿ ಪಠ್ಯಪುಸ್ತಕಗಳ ಬೇಕಾದ ಅಧ್ಯಾಯಗಳನ್ನು ಮಾತ್ರ ಜೆರಾಕ್ಸ್ ಮಾಡಿ, ಹೊಲಿದು ಕೊಡುವ ಒಂದು ಚಿಕ್ಕ ಅಂಗಡಿ ಅಲ್ಲಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು ಅಂಗಡಿ ಹಾಗೂ ವಿಶ್ವವಿದ್ಯಾನಿಲಯದ ಮೇಲೆ ಮೊಕದ್ದಮೆ ಹೂಡಿದವು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು ಮೊಕದ್ದಮೆಯನ್ನು ವಜಾ ಮಾಡಿತು. ಬೋಧನೆಯ ಅಂಗವಾಗಿ ಮಾಡುವ ನಕಲಿಗೆ 52ನೇ ಕಲಮು ಅವಕಾಶ ಕೊಡುತ್ತದೆ, ಕೈಯಿಂದ ಬರೆದುಕೊಳ್ಳಬಹುದಾದದ್ದನ್ನು ಯಂತ್ರದಿಂದ ಮಾಡಿದ ಮಾತ್ರಕ್ಕೆ ಅದು ಅಪರಾಧವಾಗದು ಎಂಬುದು ಅದರ ತಾತ್ಪರ್ಯ. ಮೇಲ್ಮನವಿ ಕೇಳಿದ ಪೀಠ, ನಕಲು ಮಾಡಿದ ಭಾಗಗಳು ಬೋಧನೆಗೆ ನಿಜವಾಗಿ ಅಗತ್ಯವಾಗಿದ್ದವೇ ಎಂಬ ಸೀಮಿತ ವಿಚಾರಣೆಗೆ ಪ್ರಕರಣವನ್ನು ಮರಳಿಸಿದರೂ ಮೂಲತತ್ತ್ವವನ್ನು ಒಪ್ಪಿತು. 2017ರಲ್ಲಿ ಪ್ರಕಾಶಕರು ಮೊಕದ್ದಮೆಯನ್ನು ಹಿಂತೆಗೆದುಕೊಂಡರು. ಬಡ ವಿದ್ಯಾರ್ಥಿಗಳ ಪಾಲಿಗೆ ಇದು ದೊಡ್ಡ ಗೆಲುವು. ಈ ಗೆಲುವನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಮಾತನ್ನು ಯೋಚಿಸಬೇಕು.

ಕೊಡುವವನೇ ಷರತ್ತು ಹಾಕಿದಾಗ

ಕೃತಿಸ್ವಾಮ್ಯದ ಇತಿಹಾಸದಲ್ಲಿ 20ನೇ ಶತಮಾನದ ಕೊನೆಗೆ ಒಂದು ಹೊಸ ತಿರುವು ಬಂತು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ‘ಗ್ನು’ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಅದಕ್ಕೊಂದು ಪರವಾನಗಿ ಬರೆದರು. ಈ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಆದರೆ ತಿದ್ದಿದ ರೂಪವನ್ನು ಹಂಚುವವರು ಅದನ್ನೂ ಇದೇ ಷರತ್ತಿನ ಮೇಲೆ ಹಂಚಬೇಕು. ಪಡೆದ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕೆಂಬುದು ಇದರ ಮರ್ಮ.

ಇದೇ ವಿಚಾರವನ್ನು ಬರಹ, ಚಿತ್ರ, ಸಂಗೀತಗಳಿಗೆ ವಿಸ್ತರಿಸಿದ್ದು 2001ರಲ್ಲಿ ಸ್ಥಾಪನೆಯಾದ ‘ಕ್ರಿಯೇಟಿವ್ ಕಾಮನ್ಸ್’. ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಇದರ ಸ್ಥಾಪಕರಲ್ಲಿ ಒಬ್ಬರು. 2002ರ ಡಿಸೆಂಬರಿನಲ್ಲಿ ಅದರ ಮೊದಲ ಪರವಾನಗಿಗಳು ಹೊರಬಂದವು. ಕಲಾವಿದ ತನ್ನ ಇಷ್ಟದಂತೆ ಷರತ್ತುಗಳನ್ನು ಆರಿಸಿಕೊಳ್ಳಬಹುದು: ನನ್ನ ಹೆಸರು ಹೇಳಿ, ವ್ಯಾಪಾರಕ್ಕೆ ಬಳಸಬೇಡಿ, ಬದಲಾಯಿಸಬೇಡಿ, ಬದಲಾಯಿಸಿದರೆ ಇದೇ ಷರತ್ತಿನಲ್ಲಿ ಹಂಚಿ. ವಿಕಿಪೀಡಿಯ 2009ರಿಂದ ಈ ಪರವಾನಗಿಯನ್ನೇ ಅನುಸರಿಸುತ್ತಿದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು 2014ರಲ್ಲಿ ಇದರಡಿ ಬಿಡುಗಡೆ ಮಾಡಿತು. ಅದೇ ವರ್ಷ, ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಹಕ್ಕುದಾರರು ಇದೇ ರೀತಿ ಓದುಗರಿಗೆ ಬಿಟ್ಟುಕೊಟ್ಟರು. ಕಲಾವಿದರು ಹಂಚಿಕೊಳ್ಳಲು ಹಿಂಜರಿಯುವ ಸ್ವಾರ್ಥಿಗಳು ಎಂಬ ಆರೋಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಆದರೆ ಬಿಟ್ಟುಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕೊಟ್ಟವರು ಊಹಿಸಿರಲಿಲ್ಲ. ಫ್ಲಿಕರ್ ತಾಣದಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಜನರು ಹಾಕಿದ್ದ ಫೋಟೋಗಳಿಂದ ಸುಮಾರು 10 ಲಕ್ಷ ಮುಖಗಳ ಸಂಗ್ರಹವನ್ನು ಐಬಿಎಂ ಕಂಪನಿ 2019ರಲ್ಲಿ ಸಿದ್ಧಪಡಿಸಿತು. ಯಂತ್ರಗಳಿಗೆ ಮುಖ ಗುರುತಿಸುವುದನ್ನು ಕಲಿಸುವ ಸಂಶೋಧನೆಗಾಗಿ ಎಂದು ಅದು ಹೇಳಿತು. ಫೋಟೋದಲ್ಲಿದ್ದವರಿಗಾಗಲಿ, ತೆಗೆದವರಿಗಾಗಲಿ ಇದರ ಸುಳಿವಿರಲಿಲ್ಲ. ನಮ್ಮ ಪರವಾನಗಿ ಕೃತಿಸ್ವಾಮ್ಯವನ್ನು ಮಾತ್ರ ನೋಡಿಕೊಳ್ಳುತ್ತದೆ, ಖಾಸಗಿತನದ ರಕ್ಷಣೆ ಅದರಿಂದ ಆಗದು ಎಂದು ಕ್ರಿಯೇಟಿವ್ ಕಾಮನ್ಸ್ ಹೇಳಬೇಕಾಯಿತು. ಮುಂದೆ 2022ರ ನವೆಂಬರಿನಲ್ಲಿ ತಂತ್ರಾಂಶ ಬರೆಯುವವರು ಅಮೆರಿಕದಲ್ಲಿ ಗಿಟ್‌ಹಬ್, ಮೈಕ್ರೋಸಾಫ್ಟ್ ಮತ್ತು ಓಪನ್‌ಎಐ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದರು. ಮುಕ್ತವಾಗಿ ಕೊಟ್ಟ ತಂತ್ರಾಂಶವನ್ನು ಯಂತ್ರಕ್ಕೆ ಉಣಿಸಲಾಗಿದೆ, ಆದರೆ ಹೆಸರು ಹೇಳಬೇಕೆಂಬ ಷರತ್ತನ್ನು ಪಾಲಿಸಿಲ್ಲ ಎಂಬುದು ಅವರ ದೂರು.

ಯಂತ್ರ ಕಲಿಯುವ ಬಗೆ

ಚಿತ್ರ ಬಿಡಿಸುವ ಯಂತ್ರ ಕಲಿಯುವುದು ಹೇಗೆ ಎಂಬುದನ್ನು ಸ್ಥೂಲವಾಗಿ ತಿಳಿದುಕೊಳ್ಳೋಣ. ಜರ್ಮನಿಯ ಲಯಾನ್ ಎಂಬ ಸಂಸ್ಥೆ 2022ರಲ್ಲಿ ಅಂತರ್ಜಾಲದಲ್ಲಿರುವ ಸುಮಾರು 585 ಕೋಟಿ ಚಿತ್ರಗಳ ವಿಳಾಸಗಳನ್ನು, ಅವುಗಳ ವಿವರಣೆಯ ಸಮೇತ ಪಟ್ಟಿ ಮಾಡಿ ಪ್ರಕಟಿಸಿತು. ಅದರ ಒಂದು ಭಾಗವನ್ನು ಬಳಸಿ ತಯಾರಾದ ‘ಸ್ಟೇಬಲ್ ಡಿಫ್ಯೂಷನ್’ ಅದೇ ವರ್ಷದ ಆಗಸ್ಟಿನಲ್ಲಿ ಬಿಡುಗಡೆಯಾಯಿತು. ತರಬೇತಿಯ ಸಮಯದಲ್ಲಿ ಪ್ರತಿಯೊಂದು ಚಿತ್ರದ ಮೇಲೂ ಮರಳು ಎರಚಿದಂತೆ ಚುಕ್ಕೆಗಳನ್ನು ತುಂಬಿ ಮಸುಕು ಮಾಡುತ್ತಾರೆ. ಆ ಚುಕ್ಕೆಗಳನ್ನು ತೆಗೆದು ಚಿತ್ರವನ್ನು ಮರಳಿ ಪಡೆಯುವುದನ್ನು ಯಂತ್ರ ಅಭ್ಯಾಸ ಮಾಡುತ್ತದೆ. ಕೋಟ್ಯಂತರ ಸಲ ಹೀಗೆ ಮಾಡಿದ ಮೇಲೆ ಬರೀ ಚುಕ್ಕೆಗಳಿಂದಲೇ ಹೊಸ ಚಿತ್ರವನ್ನು ಎಬ್ಬಿಸುವ ಶಕ್ತಿ ಅದಕ್ಕೆ ಬರುತ್ತದೆ. ಯಂತ್ರದೊಳಗೆ ಚಿತ್ರಗಳ ರಾಶಿ ಇರುವುದಿಲ್ಲ. ಅವುಗಳಿಂದ ಪಡೆದ ಅಂಕಿಗಳಷ್ಟೇ ಇರುತ್ತವೆ. ಆದರೆ ತರಬೇತಿಗೆ ಬಳಸಿದ ಕೆಲವು ಚಿತ್ರಗಳನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ಯಂತ್ರದಿಂದ ಹೊರತೆಗೆಯಬಹುದು ಎಂದು 2023ರಲ್ಲಿ ಸಂಶೋಧಕರು ತೋರಿಸಿಕೊಟ್ಟರು.

ಹೊಗಾರ್ಥನ ಮನೆಗೆ ಬಂದು ಹೋದವರನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಅವರೂ ನೋಡಿದ್ದರು, ನೆನಪಿಟ್ಟುಕೊಂಡಿದ್ದರು. ಪೋಲೆಂಡಿನ ಚಿತ್ರಕಾರ ಗ್ರೆಗ್ ರುಟ್ಕೋವ್‌ಸ್ಕಿಗೆ 2022ರಲ್ಲಿ ಇಂಥದೇ ಅನುಭವವಾಯಿತು. ಅವರ ಹೆಸರನ್ನು ಟೈಪ್ ಮಾಡಿ, ಅವರ ಶೈಲಿಯ ಚಿತ್ರಗಳನ್ನು ಜಗತ್ತಿನೆಲ್ಲೆಡೆ ಜನರು ಯಂತ್ರದಿಂದ ತೆಗೆಯತೊಡಗಿದರು. ಅಂತರ್ಜಾಲದಲ್ಲಿ ಅವರ ಹೆಸರು ಹುಡುಕಿದರೆ ಅವರು ಬಿಡಿಸದೇ ಇದ್ದ ಚಿತ್ರಗಳು ಸಿಗುವಂತಾಯಿತು. ಹೆಸರು ಅವರದು, ಚಿತ್ರ ಅವರದಲ್ಲ!

ಇನ್ನೊಂದು ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಎಲ್ಲ ಚಿತ್ರಕಾರರೂ ಹಿರಿಯರ ಚಿತ್ರಗಳನ್ನು ನೋಡಿಯೇ ಕಲಿತವರು. ಶೈಲಿ ಯಾರೊಬ್ಬರ ಸೊತ್ತೂ ಅಲ್ಲ. ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಇದೆ ಎಂದು ನಮ್ಮ ಸುಪ್ರೀಂ ಕೋರ್ಟು 1978ರಲ್ಲಿಯೇ ಹೇಳಿದೆ. ಮನುಷ್ಯ ಕಲಿತರೆ ತಪ್ಪಿಲ್ಲ ಎಂದ ಮೇಲೆ ಯಂತ್ರ ಕಲಿತರೆ ತಪ್ಪೇನು ಎಂಬುದು ಕಂಪನಿಗಳ ಪ್ರಶ್ನೆ. ಈ ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಶೈಲಿಯನ್ನೇ ಯಾರಿಗಾದರೂ ಬರೆದುಕೊಟ್ಟರೆ ನಾಳೆ ಹೊಸ ಕಲಾವಿದ ಕುಂಚ ಹಿಡಿಯುವುದೇ ಕಷ್ಟವಾದೀತು.

ನ್ಯಾಯಾಲಯಗಳು ಹೇಳಿದ್ದೇನು?

2023ರ ಜನವರಿಯಲ್ಲಿ ಅಮೆರಿಕದ ಮೂವರು ಕಲಾವಿದರು ಸ್ಟೇಬಲ್ ಡಿಫ್ಯೂಷನ್ ತಯಾರಕರೂ ಸೇರಿದಂತೆ ಹಲವು ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದರು. ಅಂದಿನಿಂದ ಬೇರೆ ಬೇರೆ ದೇಶಗಳಲ್ಲಿ ಬಂದ ತೀರ್ಪುಗಳು ಒಂದೇ ದಿಕ್ಕಿನಲ್ಲಿಲ್ಲ. 2025ರ ಜೂನಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ನ್ಯಾಯಾಲಯವೊಂದು, ಆಂಥ್ರೋಪಿಕ್ ಕಂಪನಿ ಪುಸ್ತಕಗಳಿಂದ ಯಂತ್ರಕ್ಕೆ ತರಬೇತಿ ಕೊಟ್ಟದ್ದು ನ್ಯಾಯೋಚಿತ ಬಳಕೆ ಎಂದಿತು. ಆದರೆ ಕಳ್ಳ ಪ್ರತಿಗಳನ್ನು ಇಳಿಸಿಕೊಂಡು ಸಂಗ್ರಹ ಮಾಡಿದ್ದಕ್ಕೆ ಆ ರಕ್ಷಣೆ ಇಲ್ಲವೆಂದಿತು. ಸುಮಾರು 5 ಲಕ್ಷ ಪುಸ್ತಕಗಳಿಗೆ ಸಂಬಂಧಿಸಿ 150 ಕೋಟಿ ಡಾಲರ್ ಕೊಡುವ ರಾಜಿಗೆ ಕಂಪನಿ ಒಪ್ಪಿತು. 2025ರ ನವೆಂಬರಿನಲ್ಲಿ ಲಂಡನಿನ ಹೈಕೋರ್ಟು, ಗೆಟ್ಟಿ ಇಮೇಜಸ್ ಹೂಡಿದ ದಾವೆಯಲ್ಲಿ, ಸ್ಟೇಬಲ್ ಡಿಫ್ಯೂಷನ್ ಯಂತ್ರ ಚಿತ್ರಗಳ ನಕಲನ್ನು ಇಟ್ಟುಕೊಂಡಿಲ್ಲ ಎಂದು ಕೃತಿಸ್ವಾಮ್ಯದ ವಾದವನ್ನು ತಳ್ಳಿಹಾಕಿತು. ಅದೇ ತಿಂಗಳು ಮ್ಯೂನಿಕ್ ನ್ಯಾಯಾಲಯ, ಒಂಬತ್ತು ಹಾಡುಗಳ ಸಾಹಿತ್ಯವನ್ನು ಯಂತ್ರ ಕಂಠಪಾಠ ಮಾಡಿಕೊಂಡಿದೆ, ಅದು ಉಲ್ಲಂಘನೆಯೇ ಎಂದು ಓಪನ್‌ಎಐ ವಿರುದ್ಧ ತೀರ್ಪಿತ್ತಿತು.

ಶಾಸನಗಳೂ ಹಾಗೆಯೇ ಬೇರೆ ಬೇರೆ. ಜಪಾನ್ 2018ರ ತಿದ್ದುಪಡಿಯಲ್ಲಿ ಯಂತ್ರಗಳ ವಿಶ್ಲೇಷಣೆಗೆ ವಿಶಾಲ ಅವಕಾಶ ಕೊಟ್ಟಿತು. ಐರೋಪ್ಯ ಒಕ್ಕೂಟ 2019ರಲ್ಲಿ, ಬೇಡವೆಂದು ಹಕ್ಕುದಾರರು ಮುಂಚಿತವಾಗಿ ತಿಳಿಸಿದರೆ ಅವರ ಕೃತಿಯನ್ನು ವಾಣಿಜ್ಯ ಉದ್ದೇಶಕ್ಕೆ ಹೀಗೆ ಬಳಸಬಾರದೆಂಬ ದಾರಿ ಹಿಡಿಯಿತು. ಭಾರತದಲ್ಲಿ ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರಿನಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. 2025ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರದ ಉದ್ಯಮ ಉತ್ತೇಜನ ಇಲಾಖೆ ಒಂದು ಸಲಹಾಪತ್ರವನ್ನು ಪ್ರಕಟಿಸಿತು. ತರಬೇತಿಗೆ ಕೃತಿಗಳನ್ನು ಬಳಸಲು ಕಂಪನಿಗಳಿಗೆ ಕಡ್ಡಾಯ ಪರವಾನಗಿ, ಕೃತಿಕಾರರಿಗೆ ಗೌರವಧನ ಎಂಬುದು ಅದರ ಸಲಹೆ. ಈ ದಾರಿಯಲ್ಲಿ ಹಣ ಸಿಗಬಹುದು. ಆದರೆ ಬೇಡ ಎನ್ನುವ ಹಕ್ಕು ಕೃತಿಕಾರನಿಗೆ ಉಳಿಯುವುದಿಲ್ಲ.

ಯಾರ ಹೆಸರು, ಯಾರ ಲಾಭ?

ಇತಿಹಾಸದಿಂದ ಒಂದು ಪಾಠ ಸ್ಪಷ್ಟವಾಗಿದೆ. 18ನೇ ಶತಮಾನದಲ್ಲಿ ಪುಸ್ತಕ ವ್ಯಾಪಾರಿ ಲೇಖಕನ ಹೆಸರಿನಲ್ಲಿ ಮಾತನಾಡಿದ. ಇಂದು ಯಂತ್ರದ ಮಾಲೀಕ ಕಲಿಯುವವನ ಹೆಸರಿನಲ್ಲಿ ಮಾತನಾಡುತ್ತಿದ್ದಾನೆ. ‘ಕಲಿಕೆ’ ಎಂಬ ಪದವನ್ನು ಮುಂದಿಟ್ಟು, ಕಲಿಯುವವರಿಗೆಂದು ಕಾನೂನು ಮಾಡಿದ ವಿನಾಯಿತಿಯನ್ನು ಕೇಳುತ್ತಿದ್ದಾನೆ. ಆದರೆ ಗ್ರಂಥಾಲಯದ ಪ್ರತಿಗಳು, ತರಗತಿಯ ಪ್ರದರ್ಶನ, ಜೆರಾಕ್ಸ್ ಮಾಡಿದ ಅಧ್ಯಾಯ, ದೃಷ್ಟಿಹೀನರಿಗಾಗಿ 2012ರಲ್ಲಿ ಸೇರಿಸಿದ ಅವಕಾಶ, ಇವೆಲ್ಲ ಹುಟ್ಟಿದ್ದು ಪುಸ್ತಕ ಕೊಳ್ಳಲಾರದ ಮನುಷ್ಯನಿಗಾಗಿ. ದೆಹಲಿಯ ವಿದ್ಯಾರ್ಥಿ ಜೆರಾಕ್ಸ್ ಓದಿ ಪರೀಕ್ಷೆ ಬರೆದ. ಅವನಿಂದ ಆ ಪುಸ್ತಕದ ಲೇಖಕನ ಕೆಲಸ ಹೋಗಲಿಲ್ಲ. ಚಿತ್ರಕಾರನ ಚಿತ್ರಗಳಿಂದ ಕಲಿತ ಯಂತ್ರವಾದರೋ ಅದೇ ಚಿತ್ರಕಾರನಿಗೆ ಬರಬೇಕಾದ ಮುಖಪುಟದ ಕೆಲಸವನ್ನು ಅವನಿಗಿಂತ ಅಗ್ಗವಾಗಿ ಮಾಡಿಕೊಡಬಲ್ಲದು. ಇವೆರಡನ್ನೂ ಕಲಿಕೆ ಎಂಬ ಒಂದೇ ಹೆಸರಿನಿಂದ ಕರೆದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ.

ಹಾಗೆಂದು ಬಾಗಿಲುಗಳನ್ನೆಲ್ಲ ಮುಚ್ಚುವುದೂ ಸರಿಯಲ್ಲ. ಕನ್ನಡದಂಥ ಭಾಷೆಯನ್ನು ಯಂತ್ರಗಳು ಚೆನ್ನಾಗಿ ಕಲಿಯದಿದ್ದರೆ ನಮ್ಮ ಮಕ್ಕಳೇ ಹಿಂದೆ ಬೀಳುತ್ತಾರೆ. ಕಾನೂನು ಬಿಗಿಯಾದಷ್ಟೂ ಹಣವುಳ್ಳ ದೊಡ್ಡ ಕಂಪನಿಗಳಿಗೆ ಅನುಕೂಲವಾಗಿ, ಸಣ್ಣ ಸಂಶೋಧಕರು ಹೊರಗುಳಿಯುವ ಅಪಾಯವೂ ಇದೆ. ಬೇಕಾಗಿರುವುದು ನಿಷೇಧವಲ್ಲ, ಹೊಸ ಒಪ್ಪಂದ. ಕೇಳಿ ತೆಗೆದುಕೊಳ್ಳುವುದು, ತೆಗೆದುಕೊಂಡದ್ದನ್ನು ಹೇಳುವುದು, ಲಾಭವಾದರೆ ಪಾಲು ಕೊಡುವುದು, ಬೇಡ ಎಂದವರನ್ನು ಬಿಡುವುದು. ಹೊಗಾರ್ಥ್ ಕೇಳಿದ್ದು ಇದನ್ನೇ. ಮುಕ್ತ ಪರವಾನಗಿಯಡಿ ಕೃತಿಗಳನ್ನು ಕೊಟ್ಟವರು ಕೇಳಿದ್ದು ಇದಕ್ಕಿಂತಲೂ ಕಡಿಮೆ. ಹಲವರು ತಮ್ಮ ಹೆಸರನ್ನಷ್ಟೇ ಕೇಳಿದ್ದರು.

ಕಾನೂನು ಬರುವವರೆಗೆ ನಾವು ಕಾಯಬೇಕಿಲ್ಲ. ವಿದ್ಯಾರ್ಥಿಗಳು ಪ್ರಾಜೆಕ್ಟಿಗೋ ಭಿತ್ತಿಪತ್ರಕ್ಕೋ ಚಿತ್ರವೊಂದನ್ನು ತೆಗೆದುಕೊಂಡಾಗ ಅದರ ಕೆಳಗೆ ಬಿಡಿಸಿದವರ ಹೆಸರನ್ನು ಬರೆಯಲಿ. ಅದರ ಪರವಾನಗಿ ಏನು ಹೇಳುತ್ತದೆ ಎಂದು ಒಮ್ಮೆ ನೋಡಲಿ. ಯಂತ್ರದಿಂದ ತೆಗೆದ ಚಿತ್ರವಾದರೆ ಹಾಗೆಂದೇ ಬರೆಯಲಿ. ತಾವು ಬರೆದದ್ದನ್ನು, ಬಿಡಿಸಿದ್ದನ್ನು ಹಂಚುವಾಗ ಯಾವ ಷರತ್ತಿನ ಮೇಲೆ ಕೊಡುತ್ತಿದ್ದೇವೆ ಎಂಬುದನ್ನೂ ನಮೂದಿಸಲಿ. ಶಿಕ್ಷಣ ಸಂಸ್ಥೆಗಳು ಕಾರ್ಯಕ್ರಮದ ಆಮಂತ್ರಣ, ಸಂಚಿಕೆಯ ಮುಖಪುಟಗಳಿಗೆ ಊರಿನ ಕಲಾವಿದರನ್ನು ಕರೆದು, ಅವರ ಶ್ರಮಕ್ಕೆ ತಕ್ಕ ಸಂಭಾವನೆ ಕೊಡಲಿ. ವಿದ್ಯೆ ಹಂಚಿದಷ್ಟೂ ಹೆಚ್ಚುತ್ತದೆ ಎಂಬ ಮಾತು ನಿಜ. ಹಂಚುವ ಕೈ ಯಾರದು ಎಂಬುದನ್ನು ಮರೆಯದಿದ್ದರೆ ಮಾತ್ರ ಆ ಕೈ ಮುಂದೆಯೂ ಹಂಚುತ್ತದೆ.